ಒಂದೇ ಡಿಸ್ಕಿನಲ್ಲಿ

ಕಂಪ್ಯೂಟರಿನ ತೆರೆಯ ಮೇಲಿನ ಆ ಸಣ್ಣ ಖಾಲಿ ಜಾಗದಲ್ಲಿ ಒಂದು ಸಂಖ್ಯೆ ತುಂಬಬೇಕಿತ್ತು, ಅಷ್ಟೇ ಕೆಲಸ. ಬೆಳಿಗ್ಗೆಯಿಂದ ಅವಳು ಅದರ ಮುಂದೆ ಕೂತಿದ್ದಳು. ವಿಡಿಯೋ ಸ್ಟುಡಿಯೋದ ಶಟರನ್ನು ಅರ್ಧಕ್ಕೇ ನಿಲ್ಲಿಸಿದ್ದರಿಂದ ಬೀದಿಯಲ್ಲಿ ಹೋಗುವವರ ಸೊಂಟದ ಕೆಳಗಿನ ಭಾಗ ಮಾತ್ರ ಕಾಣುತ್ತಿತ್ತು. ಮುಖಗಳಿಲ್ಲದ ಬೀದಿ ಅವಳಿಗೆ ಸದ್ಯಕ್ಕೆ ಸಾಕಾಗಿತ್ತು. ಒಂದು ಜೊತೆ ಕಾಲು ನಿಂತಿತು, ಬಾಗಿತು, ಶಟರಿನ ಕೆಳಗಿಂದ ಒಂದು ತಲೆ ಬಂತು. ‘ಅಣ್ಣ ಇಲ್ವಾ?’ ಇಲ್ಲ ಎಂದಳು. ‘ಯಾವಾಗ ಸಿಗ್ತಾರೆ?’ ‘ಸಿಗಲ್ಲ.’ ‘ನಾಳೆ ಬರ್ಲಾ?’ ‘ನಾಳೇನೂ ಸಿಗಲ್ಲ. ಏನು ಬೇಕಿತ್ತು ಹೇಳಿ, ನಾನು ಮಾಡ್ತೀನಿ.’ ತಲೆ ಅವಳನ್ನೂ ಅವಳ ಹಿಂದಿದ್ದ ಯಂತ್ರಗಳನ್ನೂ ನೋಡಿತು. ‘ಇಲ್ಲ ಬಿಡಿ, ಅಣ್ಣನ ಹತ್ರಾನೇ ಮಾತಾಡ್ತೀನಿ’ ಎಂದು ಹೊರಟುಹೋಯಿತು. ಮಾತಾಡು ಹೋಗು, ಎಂದುಕೊಂಡಳು. ಗಂಡ ಸತ್ತು ನಾಲ್ಕು ತಿಂಗಳಾಗಿತ್ತು. ಸತ್ತವನ ಹತ್ತಿರವೇ ಕೆಲಸ ಮಾಡಿಸಿಕೊಳ್ಳುತ್ತೇನೆಂದು ಕಾಯುವವರು ಇನ್ನೂ ಬರುತ್ತಿದ್ದರು. ಬದುಕಿರುವ ಅವಳು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಭಾವ ಫೋನು ಮಾಡಿದ್ದು ಅವಳು ಹಲ್ಲುಜ್ಜುತ್ತಿದ್ದಾಗ. ಗಂಡನ ಅಣ್ಣ, ಊರಿನ ಎಲ್ಲ ವಿಷಯಕ್ಕೂ ತಾನೇ ಅಧ್ಯಕ್ಷ ಎನ್ನುವ ಹಾಗೆ ಗಂಟಲು ಸರಿಮಾಡಿಕೊಂಡೇ ಮಾತು ಶುರು ಮಾಡುವವನು. ‘ಸಾಯಂಕಾಲ ಮನೇಲಿ ಎಲ್ಲರೂ ಸೇರ್ತಿದ್ದೀವಿ. ಅಮ್ಮ ಅವನನ್ನ ಟೀವೀಲಿ ನೋಡ್ಬೇಕು ಅಂತಿದ್ದಾಳೆ. ಎಲ್ಲಾನೂ ಒಂದೇ ಡಿಸ್ಕಿಗೆ ಹಾಕಿ ತಂದ್ಬಿಡು.’ ‘ಎಲ್ಲಾ ಅಂದ್ರೆ?’ ‘ಎಲ್ಲಾ ಅಂದ್ರೆ ಎಲ್ಲಾ. ನಿಮ್ಮ ಮದುವೇದು, ಆಮೇಲೆ ನಾವೆಲ್ಲ ಅವನ ಬಗ್ಗೆ ಮಾತಾಡಿದ್ದು.’ ಬಾಯಲ್ಲಿ ನೊರೆ ಇಟ್ಟುಕೊಂಡೇ ಅವಳು ಲೆಕ್ಕ ಹಾಕಿದಳು. ‘ಮಾತಾಡಿದ್ದೇ ಮೂರು ಗಂಟೆ ಇದೆ ಭಾವ. ಒಂದರಲ್ಲೇ ತುರುಕಿದ್ರೆ ಮುಖಗಳೆಲ್ಲ ಒಡೆದುಹೋಗುತ್ತೆ. ಎರಡು ಡಿಸ್ಕು ಮಾಡ್ತೀನಿ.’ ‘ಅಮ್ಮನಿಗೆ ಡಿಸ್ಕು ಬದಲಾಯಿಸೋಕೆ ಬರುತ್ತಾ? ಒಂದೇ ಮಾಡು. ಎಂ.ಎ. ಓದಿದೋಳು, ಇಷ್ಟು ಅಡ್ಜಸ್ಟ್ ಮಾಡೋಕಾಗಲ್ವಾ? ಅವನಿದ್ದಿದ್ರೆ ಕಣ್ಮುಚ್ಚಿ ಬಿಡೋದರೊಳಗೆ ಮಾಡಿಕೊಡ್ತಿದ್ದ.’ ಹೌದು, ಮಾಡಿಕೊಡುತ್ತಿದ್ದ. ಹೇಗೆ ಮಾಡಿಕೊಡುತ್ತಿದ್ದ ಎನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

ಮದುವೆಯಾದ ಹೊಸದರಲ್ಲಿ ಇದೇ ಕುರ್ಚಿಯ ಪಕ್ಕ ಸ್ಟೂಲು ಹಾಕಿ ಕೂರಿಸಿಕೊಂಡು ಹೇಳಿಕೊಟ್ಟಿದ್ದ. ‘ನೋಡು, ಡಿಸ್ಕು ಅಂದ್ರೆ ಒಂದು ಪಾತ್ರೆ. ಅದರಲ್ಲಿ ಹಿಡಿಯೋದು ಇಷ್ಟೇ. ಓಡೋ ಒಂದೊಂದು ಸೆಕೆಂಡಿಗೂ ಅದರಿಂದ ಒಂದೊಂದು ತುತ್ತು ಕೊಡ್ಬೇಕು. ಆ ತುತ್ತಿನ ಗಾತ್ರಾನೇ ಬಿಟ್‌ರೇಟು. ಒಂದು ಗಂಟೆ ಇದ್ರೆ ದೊಡ್ಡ ತುತ್ತು, ನಾಲ್ಕು ಗಂಟೆ ಇದ್ರೆ ಇಲಿ ತಿನ್ನೋವಷ್ಟು. ತುತ್ತು ಸಣ್ಣದಾದ್ರೆ ಚಿತ್ರ ಸೊರಗಿ ಮುಖದ ಮೇಲೆ ಚೌಕ ಚೌಕ ಏಳುತ್ತೆ.’ ಹಾಗಾದರೆ ಉದ್ದದ್ದನ್ನು ಎರಡು ಡಿಸ್ಕಿಗೆ ಹಂಚಿದರಾಯಿತು, ಎಂದಿದ್ದಳು ಅವಳು. ಆಗ ಅವಳಿಗೆ ಎಲ್ಲದಕ್ಕೂ ನ್ಯಾಯವಾದ ಉತ್ತರವೊಂದು ಇರುತ್ತಿತ್ತು. ಅವನು ನಕ್ಕಿದ್ದ. ‘ಪೆದ್ದಿ. ಜನ ಅಂಗಡೀಲಿ ನಿಂತು ನೋಡೋದು ಮೊದಲ ಹತ್ತು ನಿಮಿಷ. ಮನೇಲಿ ನೋಡೋದು ಮೊದಲ ಅರ್ಧ ಗಂಟೆ. ಅದಕ್ಕೆ ಬೆಣ್ಣೆ ಹಚ್ಚು, ಉಳಿದದ್ದಕ್ಕೆ ಸುಣ್ಣ ಹೊಡಿ. ಕೊನೇತನಕ ಕೂತು ನೋಡೋ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.’ ಅಂಗಡಿಗೆ ಬಂದ ಹೆಣ್ಣಿನ ಕಡೆಯ ತಾಯಂದಿರು ಮಗಳ ಮುಖ ಮೊದಲ ಬಾರಿಗೆ ತೆರೆಗೆ ಬಂದಾಗ ಕಣ್ಣೊರೆಸಿಕೊಂಡು ಚೀಲಕ್ಕೆ ಡಿಸ್ಕು ಹಾಕಿಕೊಂಡು ಹೋಗುತ್ತಿದ್ದರು. ಸುಣ್ಣದ ಭಾಗವನ್ನು ಕೇಳಿಕೊಂಡು ಯಾರೂ ವಾಪಸು ಬರಲಿಲ್ಲ. ತಾನು ಕೂಡ ಆ ಸ್ಟೂಲಿನ ಮೇಲೆ ಕೂತು ಆ ಜಾಣತನಕ್ಕೆ ನಕ್ಕಿದ್ದಳಲ್ಲ, ಅದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇವರಿಕೆಯಾಯಿತು.

ತೆರೆಯ ಎಡಗಡೆ ಎರಡು ವಿಡಿಯೋ ಕಡತಗಳು ಸಾಲಾಗಿದ್ದವು. ಒಂದು ಮಾತುಗಳದ್ದು. ಅವನು ಹೋದ ಎರಡನೇ ವಾರ ಭಾವ ಎಲ್ಲ ನೆಂಟರನ್ನೂ ಮನೆಗೆ ಕರೆಸಿ, ಒಂದು ಕುರ್ಚಿ ಹಾಕಿಸಿ, ಒಬ್ಬೊಬ್ಬರೂ ನಾಲ್ಕು ಮಾತಾಡಲಿ, ನೆನಪಿಗೆ ಇರಲಿ ಎಂದು ಏರ್ಪಾಟು ಮಾಡಿದ್ದ. ಬರಬೇಕಿದ್ದ ಕ್ಯಾಮೆರಾದವನು ಬರಲಿಲ್ಲ. ಆಗ ಭಾವ ಸುತ್ತ ನೋಡಿ, ‘ನೀನೇ ನಿಂತ್ಕೊಳ್ಳಮ್ಮ, ನಿನಗೆ ಗೊತ್ತಲ್ಲ’ ಎಂದಿದ್ದ. ಅವಳು ನಿಂತಳು. ಗಂಡನ ಕ್ಯಾಮೆರಾದ ಹಿಂದೆ, ಗಂಡ ಹಿಡಿಯುತ್ತಿದ್ದ ಹಿಡಿಯನ್ನೇ ಹಿಡಿದು, ಗಂಡನ ಬಗ್ಗೆ ಮೂರು ಗಂಟೆ ಕೇಳಿದಳು. ಯಾರಿಗೂ ಎದುರು ಮಾತಾಡಿದವನಲ್ಲ. ಹೂವಿನಂಥ ಮನಸ್ಸು. ಕೊಟ್ಟ ಕೈ ಇನ್ನೊಂದು ಕೈಗೆ ಗೊತ್ತಾಗುತ್ತಿರಲಿಲ್ಲ. ಬೀದಿಯಲ್ಲಿ ಆಟೋದವನೊಂದಿಗೆ ಚಿಲ್ಲರೆಗಾಗಿ ಅಂಗಿ ಹರಿಯುವವರೆಗೂ ಜಗಳವಾಡಿದವನ ಬಗ್ಗೆ ಇವರು ಹೇಳುತ್ತಿದ್ದರು. ಹೆಡ್‌ಮಾಸ್ಟರ್ ಮಾವ, ಗಂಡನ ಚಿಕ್ಕಪ್ಪ, ಲೆನ್ಸನ್ನೇ ನೆಟ್ಟಗೆ ನೋಡುತ್ತ, ‘ಇನ್ನು ಆ ಹೆಣ್ಣುಮಗಳ ಬದುಕು ಮುಗಿದ ಹಾಗೇ’ ಎಂದರು. ಲೆನ್ಸಿನ ಹಿಂದೆ ಆ ಹೆಣ್ಣುಮಗಳು ಅವರ ಮೂಗಿನ ಮೇಲೆ ಬೆಳಕು ಹೆಚ್ಚಾಯಿತೆಂದು ಕ್ಯಾಮೆರಾದ ಕಿಂಡಿಯನ್ನು ಒಂದು ಹಲ್ಲು ಕಿರಿದು ಮಾಡುತ್ತಿದ್ದಳು. ಅವರು ಮುಗಿಸಿ ಎದ್ದಾಗ, ‘ಚೆನ್ನಾಗಿ ಬಂತಾ?’ ಎಂದು ಕೇಳಿದರು. ಚೆನ್ನಾಗಿ ಬಂತು ಮಾವ, ಎಂದಿದ್ದಳು. ಆ ಮಾತು ಯಾವ ಬಾಯಿಂದ ಬಂದಿತ್ತೆಂದು ಅವಳಿಗೆ ಇವತ್ತಿಗೂ ತಿಳಿಯದು. ಎಲ್ಲರಿಗಿಂತ ಉದ್ದ ಮಾತಾಡಿದವನು ಭಾವ. ಅವನನ್ನು ತಾನೇ ಎತ್ತಿ ಆಡಿಸಿದೆ, ತಾನೇ ಅಂಗಡಿ ಹಾಕಿಸಿಕೊಟ್ಟೆ, ತಾನೇ, ತಾನೇ. ಕೆನ್ನೆಯ ಒಂದೊಂದು ರಂಧ್ರವೂ ಕಾಣುವಷ್ಟು ಸ್ಪಷ್ಟವಾಗಿ ಅವನ ಮುಖ ಈಗ ತೆರೆಯ ಮೇಲೆ ಬಾಯಿ ತೆರೆದು ನಿಂತಿತ್ತು.

ಇನ್ನೊಂದು ಕಡತ ಮದುವೆಯದ್ದು. ಊರಿನ ಅರ್ಧ ಜನರನ್ನು ಕ್ಯಾಮೆರಾದಲ್ಲಿ ಹಿಡಿದಿದ್ದ ಗಂಡ ಕ್ಯಾಮೆರಾದ ಮುಂದೆ ನಿಂತದ್ದು ಆ ಒಂದೇ ದಿನ. ಮೊನ್ನೆ, ಹಳೆಯ ಡಿಸ್ಕನ್ನು ಹುಡುಕಿ ತೆಗೆದು, ಅವನಿರುವ ಭಾಗಗಳನ್ನು ಮಾತ್ರ ಕತ್ತರಿಸಿ ಜೋಡಿಸುವಾಗ ಅವಳು ಅದನ್ನು ಮೊದಲ ಸಲ ಕೊನೆಯವರೆಗೂ ನೋಡಿದ್ದಳು. ಶುರುವಿನ ಭಾಗ ಕನ್ನಡಿಯ ಹಾಗಿತ್ತು: ಸಭಾಂಗಣದ ದೀಪಗಳು, ಸಾಲಾಗಿ ಬರುವ ಅತಿಥಿಗಳು, ಉಡುಗೊರೆಯ ಪೊಟ್ಟಣಗಳ ಹೊಳೆಯುವ ಕಾಗದ, ಭಾವನ ಹೊಸ ಕೋಟು. ಗಂಡ ಅಲ್ಲಿ ಎಲ್ಲೂ ನೆಟ್ಟಗೆ ಕಾಣುತ್ತಿರಲಿಲ್ಲ. ಯಾರದ್ದೋ ಭುಜದ ಹಿಂದೆ, ಯಾರದ್ದೋ ಕೈ ಕುಲುಕುತ್ತ. ಹತ್ತಿರದಿಂದ ಕಂಡದ್ದೆಲ್ಲ ಜನ ಕರಗಿದ ಮೇಲೆ, ವೇದಿಕೆಯ ಅಂಚಿನಲ್ಲಿ ಅವರಿಬ್ಬರೇ ಕಾಲು ಇಳಿಬಿಟ್ಟು ಕೂತ ಮೇಲೆ. ಅಲ್ಲಿಗೆ ಬರುವಷ್ಟರಲ್ಲಿ ಮುಖ ಒಡೆಯತೊಡಗಿತ್ತು. ಅವನು ತಲೆ ತಿರುಗಿಸಿದರೆ ತಲೆಯ ಒಂದು ತುಂಡು ಹಿಂದೆಯೇ ಉಳಿದು ಆಮೇಲೆ ಬಂದು ಸೇರಿಕೊಳ್ಳುತ್ತಿತ್ತು. ನಕ್ಕರೆ ಹಲ್ಲಿನ ಜಾಗದಲ್ಲಿ ಒಂದು ಬಿಳಿ ಇಟ್ಟಿಗೆ. ಅವಳು ಮೊದಲು ಡಿಸ್ಕು ಹಾಳಾಗಿದೆ ಎಂದುಕೊಂಡಳು, ಬಟ್ಟೆಯಿಂದ ಒರೆಸಿದಳು, ಮತ್ತೆ ಹಾಕಿದಳು. ಆಮೇಲೆ ಗೊತ್ತಾಯಿತು. ಸುಣ್ಣ. ತನ್ನ ಮದುವೆಗೂ ಅವನು ಸುಣ್ಣ ಹೊಡೆದಿದ್ದ. ಕೊನೆಯವರೆಗೂ ಕೂತು ನೋಡುವ ಹೆಂಡತಿಯೊಬ್ಬಳು ಉಳಿಯಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಮೂಲ ಟೇಪಿಗಾಗಿ ಕಪಾಟುಗಳನ್ನೆಲ್ಲ ತಡಕಿದಾಗ ಸಿಕ್ಕ ಟೇಪಿನೊಳಗೆ ಯಾರೋ ಗುರುತಿಲ್ಲದ ಗಂಡು ಹೆಣ್ಣು ಕೇಕು ಕತ್ತರಿಸುತ್ತಿದ್ದರು. ಒಳ್ಳೆಯ ಟೇಪು ದಂಡವಾಗಬಾರದೆಂದು ಅದರ ಮೇಲೆಯೇ ಇನ್ನೊಬ್ಬರ ಮದುವೆ ತುಂಬಿದ್ದ.

ಒಡೆದದ್ದನ್ನು ಕೂಡಿಸಲು ಯಾವ ಸಂಖ್ಯೆಯಿಂದಲೂ ಆಗದು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ಎಷ್ಟೇ ದೊಡ್ಡ ತುತ್ತು ಕೊಟ್ಟರೂ ಆ ಚೌಕಗಳೇ ಅಚ್ಚುಕಟ್ಟಾಗಿ ಉಳಿಯುತ್ತವೆ. ಆದರೆ ಭಾವ ಹೇಳಿದಂತೆ ಒಂದೇ ಡಿಸ್ಕಿಗೆ ಎಲ್ಲವನ್ನೂ ಸಮನಾಗಿ ಹಂಚಿದರೆ ಗಂಡನ ಪಾಲಿಗೆ ಬರುವ ಬಿಟ್‌ರೇಟು ಎರಡೂವರೆ ಸಾವಿರ. ಚೌಕಗಳ ಮೇಲೆ ಮತ್ತೆ ಚೌಕಗಳು ಎದ್ದು ಕಣ್ಣು ಯಾವುದು ಗಲ್ಲ ಯಾವುದು ತಿಳಿಯದ ಹಾಗಾಗುತ್ತದೆ. ಅತ್ತೆ ಕನ್ನಡಕ ಹಾಕಿಕೊಂಡು ತೆರೆಯ ಹತ್ತಿರ ಹೋಗಿ, ಇದು ಯಾರು, ಎಂದು ಕೇಳುವುದನ್ನು ಅವಳು ಕಣ್ಣಾರೆ ಕಂಡಳು. ಹೆತ್ತವಳಿಗೆ ಮಗನ ಗುರುತು ಸಿಗಬಾರದು. ಹೆಡ್‌ಮಾಸ್ಟರ್ ಮಾವನ ಮೂಗು ಮಾತ್ರ ಮಿರಮಿರ ಮಿಂಚಬೇಕು. ಅವಳ ಕಿವಿ ಬಿಸಿಯಾಯಿತು. ನಾಲ್ಕು ತಿಂಗಳಿಂದ ಮರಗಟ್ಟಿದ್ದ ಬೆರಳುಗಳಿಗೆ ಎಲ್ಲಿಂದಲೋ ಒಂದು ಚುರುಕು ಬಂತು. ಮಾತುಗಳ ಕಡತವನ್ನು ಆರಿಸಿ ಒಂದು ಸಾವಿರ ಎಂದು ಹೊಡೆದಳು. ಇಲಿಯೂ ಮೂಸಿ ನೋಡದಷ್ಟು. ಆಮೇಲೆ ಮದುವೆಯ ಕಡತವನ್ನು ಆರಿಸಿ ಒಂಬತ್ತು ಸಾವಿರ ಎಂದು ಹೊಡೆದಳು. ಡಿಸ್ಕು ಹೊರುವ ಮಿತಿಯ ಅಂಚಿಗೆ ಬಂದುಬಿಟ್ಟಿತ್ತು ಅದು. ಹಳೆಯ ಪ್ಲೇಯರಿಗೆ ಅಷ್ಟು ದೊಡ್ಡ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆರು ಸಾವಿರ ದಾಟಬೇಡ, ಎಂದು ಅವನೇ ಎಷ್ಟು ಸಲ ಬೈದಿದ್ದ. ನೀನು ನನಗೆ ಹೇಳಬೇಡ, ಎಂದು ಅವಳು ಖಾಲಿ ಕೋಣೆಗೆ ಹೇಳಿ ಗುಂಡಿ ಒತ್ತಿದಳು.

ಸಾಯಂಕಾಲ ಭಾವನ ಮನೆಯ ಹಜಾರದಲ್ಲಿ ಕುರ್ಚಿಗಳು ಸಾಲಾಗಿ ಬಿದ್ದಿದ್ದವು. ಅತ್ತೆ ಸೋಫಾದ ಮೂಲೆಯಲ್ಲಿ, ಯಾರೋ ತಂದಿಟ್ಟ ಗಂಟಿನ ಹಾಗೆ, ಕಾಲು ಮಡಿಸಿ ಕೂತಿದ್ದರು. ಓರಗಿತ್ತಿ ಎಲ್ಲರಿಗೂ ಚಹಾ ಕೊಡುತ್ತಿದ್ದವಳು ಅವಳನ್ನು ಕಂಡು ದನಿ ತಗ್ಗಿಸಿ, ‘ಬಾ, ತಿಂದ್ಯಾ?’ ಎಂದಳು. ಎಲ್ಲರೂ ಅವಳೊಂದಿಗೆ ಈಗ ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಭಾವ ಡಿಸ್ಕನ್ನು ಕಸಿದುಕೊಂಡವನಂತೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ, ಏನೋ ತಿಳಿದವನಂತೆ ತಲೆಯಾಡಿಸಿದ, ಟೀವಿಯ ಕೆಳಗಿದ್ದ ಹಳೆಯ ಪ್ಲೇಯರಿನ ನೆತ್ತಿಗೆ ಎರಡು ಏಟು ಕೊಟ್ಟು ಅದರ ಬಾಯಿ ತೆರೆಸಿದ. ‘ಮೊದಲು ಮಾತುಗಳು ನೋಡೋಣ’ ಎಂದ.

ಮೊದಲು ದನಿ ಬಂತು, ಭಾವನ ದನಿ, ತುಂಬ ಚೆನ್ನಾಗಿ. ಆಮೇಲೆ ಕುರ್ಚಿಯ ಮೇಲೆ ಕಂದು ಮತ್ತು ಬೂದು ಬಣ್ಣದ ಚೌಕಗಳ ರಾಶಿಯೊಂದು ಕೂತಿತ್ತು. ಅದು ಕೈಯೆತ್ತಿದರೆ ಕೈಯ ಜೊತೆ ಗೋಡೆಯೂ ಎದ್ದು ಬರುತ್ತಿತ್ತು. ‘ಅವನನ್ನ ಎತ್ತಿ ಆಡಿಸಿದ ಕೈ ಇದು’ ಎಂದು ಚೌಕಗಳು ಹೇಳಿದವು. ಓರಗಿತ್ತಿ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದಳು. ‘ಇದ್ಯಾರು ರೀ, ಬಚ್ಚಲುಮನೆ ಟೈಲ್ಸ್ ಥರ?’ ಯಾರೋ ಹಿಂದಿನಿಂದ ಕಿಸಕ್ಕೆಂದರು. ‘ಟೈಲ್ಸಿಗಾದ್ರೂ ಒಂದು ಹೊಳಪಿರುತ್ತೆ’ ಎಂದಿತು ಇನ್ನೊಂದು ದನಿ. ಭಾವನ ಕುತ್ತಿಗೆ ಕೆಂಪಾಯಿತು. ‘ಇದೇನಮ್ಮ ಮಾಡಿರೋದು?’ ‘ಒಂದೇ ಡಿಸ್ಕು ಅಂದ್ರಲ್ಲ ಭಾವ. ಅಡ್ಜಸ್ಟ್ ಮಾಡಿದೆ.’ ಅವನು ಅವಳನ್ನು ಒಂದು ಕ್ಷಣ ನೋಡಿದ, ಗೊತ್ತಾಯಿತೆನ್ನುವ ಹಾಗೆ. ಗೊತ್ತಾಗಲಿ ಎಂದೇ ಅವಳೂ ನೋಡಿದಳು. ಹೆಡ್‌ಮಾಸ್ಟರ್ ಮಾವ, ತಮ್ಮ ಸರದಿ ಬರುವ ಮುಂಚೆಯೇ ಎಚ್ಚೆತ್ತವರಂತೆ, ‘ಇರ್ಲಿ ಇರ್ಲಿ, ಮದುವೇದೇ ಹಾಕಿ, ಅತ್ತಿಗೆ ನೋಡ್ಲಿ’ ಎಂದರು.

ಅವನು ಬಂದ. ಮೊದಲು ಯಾರದೋ ಭುಜದ ಹಿಂದೆ, ಆಮೇಲೆ ಬಾಗಿಲ ಬಳಿ ವೈರು ದಾಟುತ್ತ, ಆಮೇಲೆ ವೇದಿಕೆಯ ಅಂಚಿನಲ್ಲಿ. ಚೌಕಗಳಿದ್ದವು, ಆದರೆ ಹಳೆಯವಷ್ಟೇ, ಹೊಸದೊಂದೂ ಎದ್ದಿರಲಿಲ್ಲ. ಅತ್ತೆ ಮಡಿಸಿದ ಕಾಲನ್ನು ಕೆಳಗಿಳಿಸಿದರು. ಅವನು ಕ್ಯಾಮೆರಾದ ಕಡೆ ತಿರುಗಿ ಬಾಯಿ ತೆರೆದ. ಪ್ಲೇಯರ್ ಒಮ್ಮೆ ಗರಗರ ಎಂದಿತು. ತೆರೆಯ ಮೇಲೆ ಅವನು ಹಾಗೇ ನಿಂತ, ಬಾಯಿ ಅರ್ಧ ತೆರೆದು, ಒಂದು ಕಣ್ಣು ಪೂರ್ತಿ, ಇನ್ನೊಂದು ಕಣ್ಣಿನ ಜಾಗದಲ್ಲಿ ಚರ್ಮದ ಬಣ್ಣದ ಒಂದು ಇಟ್ಟಿಗೆ. ಭಾವ ಏಟು ಕೊಟ್ಟ. ಮತ್ತೆ ಕೊಟ್ಟ. ತೆಗೆದು ಹಾಕಿದ. ಅದೇ ಜಾಗಕ್ಕೆ ಬಂದು ಅದೇ ಬಾಯಿ ನಿಂತಿತು. ‘ಇಷ್ಟು ದಿನ ಅಂಗಡಿ ಒಳಗೆ ಕೂತು ಏನು ಕಲಿತೆ ನೀನು?’ ಎಂದ ಭಾವ, ಈ ಸಲ ಆಸ್ಪತ್ರೆಯ ದನಿ ಬಿಟ್ಟು. ‘ಅಮ್ಮ ಅಷ್ಟು ಆಸೆಪಟ್ಟು ಕೇಳಿದಳು. ನಿನ್ನ ಕೈಲಿ ಇದೊಂದು ಆಗಲಿಲ್ಲ.’ ತಪ್ಪು ಅವಳದೇ, ಅದು ಅವಳಿಗೆ ಗೊತ್ತಿತ್ತು. ಆರು ಎಂದು ಹೊಡೆಯಬೇಕಾದಲ್ಲಿ ಒಂಬತ್ತು ಹೊಡೆದಿದ್ದು ಅವಳ ಬೆರಳು. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಅವನನ್ನು ಚೆನ್ನಾಗಿ ತೋರಿಸಲು ಹೋಗಿ, ಬಾಯಿ ತೆರೆದ ಹೆಣದ ಹಾಗೆ ಎಲ್ಲರ ಮುಂದೆ ನಿಲ್ಲಿಸಿದ್ದಳು. ಅವನು ಸತ್ತಾಗ ಬಾಯಿ ಹೀಗೇ ಇತ್ತು. ಹಿಂದಿನ ಕುರ್ಚಿಯಲ್ಲಿ ಯಾರೋ ಮೂಗು ಎಳೆದುಕೊಂಡರು.

‘ನಾನೆಲ್ಲಿ ಕೇಳಿದೆ’ ಎಂದರು ಅತ್ತೆ. ಎಲ್ಲರೂ ತಿರುಗಿದರು. ‘ನೀನೇ ಅಲ್ವೇನೋ ತೋರಿಸ್ತೀನಿ ತೋರಿಸ್ತೀನಿ ಅಂತ ಕುಣಿದಿದ್ದು.’ ಭಾವ ಏನೋ ಹೇಳಹೊರಟ. ಅತ್ತೆ ಅದನ್ನು ಕೈಯಿಂದ ಅಲ್ಲೇ ತಡೆದು, ತೆರೆಯನ್ನು ನೋಡುತ್ತಲೇ ಸೊಸೆಯನ್ನು ಕೇಳಿದರು. ‘ಏನೋ ಹೇಳೋಕೆ ಹೊರಟಿದ್ದಾನಲ್ಲ. ಏನಂತಾನೆ ಅಲ್ಲಿ?’

‘ಏನೋ ಒಳ್ಳೇ ಮಾತೇ ಇರುತ್ತೆ ಅತ್ತಿಗೆ’ ಎಂದರು ಹೆಡ್‌ಮಾಸ್ಟರ್ ಮಾವ.

‘ಒಳ್ಳೇ ಮಾತಲ್ಲ’ ಎಂದಳು ಅವಳು. ತನ್ನ ದನಿ ಇಷ್ಟು ಗಟ್ಟಿಯಾಗಿದೆಯೆಂದು ಅವಳಿಗೇ ಮರೆತುಹೋಗಿತ್ತು. ‘ಕ್ಯಾಮೆರಾ ಹಿಡಿದಿದ್ದ ಗೆಳೆಯನಿಗೆ ಬೈತಾ ಇದ್ದಾರೆ. ನನ್ನ ತೆಗೀತಾ ಬ್ಯಾಟರಿ ಯಾಕೋ ಖಾಲಿ ಮಾಡ್ತೀಯ, ನಾಳೆ ಇನ್ನೊಂದು ಮದುವೆ ಇದೆ, ಅಂತ. ನಾನು ಪಕ್ಕದಲ್ಲೇ ಕೂತಿದ್ದೀನಿ. ನನ್ನ ಕಡೆ ತಿರುಗಿ ಕೂಡ ನೋಡಲ್ಲ. ಆಮೇಲೆ ಎದ್ದು ಹೋಗಿ ದೀಪದ ಸ್ಟ್ಯಾಂಡು ಬಿಚ್ತಾರೆ. ಮಾರನೇ ದಿನ ಬೆಳಿಗ್ಗೆ ಆ ಮದುವೆಗೆ ಹೋದ್ರು. ನಾನು ಎದ್ದಾಗ ಇರಲಿಲ್ಲ.’

ಅತ್ತೆಯ ಗಂಟಲಲ್ಲಿ ಏನೋ ಸದ್ದಾಯಿತು. ಅಳುತ್ತಿದ್ದಾರೆಂದು ಓರಗಿತ್ತಿ ನೀರು ತರಲು ಎದ್ದಳು. ಅತ್ತೆ ನಗುತ್ತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೊಟ್ಟೆ ಕುಲುಕುತ್ತ. ‘ಅವನೇ ಕಣೆ’ ಎಂದರು. ‘ಅವನೇ. ಇವರೆಲ್ಲ ಅವತ್ತು ಕುರ್ಚಿ ಮೇಲೆ ಕೂತು ಯಾರ ವಿಷಯ ಹೇಳಿದರೋ, ನಂಗೆ ಒಂದೂ ಗುರುತು ಹತ್ತಲಿಲ್ಲ. ಪಕ್ಕದ ಮನೆಯವನ ಬಗ್ಗೆ ಹೇಳ್ತಿದ್ದಾರೇನೋ ಅಂದ್ಕೊಂಡೆ.’

ನಗಿಸಲೆಂದು ಅವಳು ಹೇಳಿರಲಿಲ್ಲ. ಆ ನಗು ಅವಳನ್ನು ಇನ್ನಷ್ಟು ಕೆರಳಿಸಿತು. ‘ಇದರ ಟೇಪು ಎಲ್ಲಿ ಅಂತ ಕೇಳಿ. ಅಳಿಸಿದ್ದಾರೆ. ಅದರ ಮೇಲೆ ಯಾರದ್ದೋ ಮದುವೆ ತುಂಬಿದ್ದಾರೆ. ಈ ಚೌಕಗಳು ನಾನು ಮಾಡಿದ್ದಲ್ಲ, ನಿಮ್ಮ ಮಗನೇ ಮಾಡಿದ್ದು, ಬೇಕಂತಲೇ, ಯಾರು ನೋಡ್ತಾರೆ ಇದನ್ನೆಲ್ಲ ಅಂತ.’ ‘ಸಾಕು ಮಾಡಮ್ಮ’ ಎಂದ ಭಾವ. ‘ಹೋದವರ ಬಗ್ಗೆ ಹೀಗೆ...’ ‘ನೀನು ಸುಮ್ನಿರು’ ಎಂದರು ಅತ್ತೆ, ‘ಅವಳು ಹೇಳ್ಲಿ.’

ಅವಳು ಹೇಳಿದಳು. ಹೇಳುವಾಗ ಅತ್ತೆಯನ್ನಾಗಲಿ ಭಾವನನ್ನಾಗಲಿ ನೋಡಲಿಲ್ಲ, ಆ ಒಂದು ಕಣ್ಣನ್ನೇ ನೋಡಿದಳು. ಕರೆದರೆ ಒಂದು ನಿಮಿಷ ಎನ್ನುತ್ತಿದ್ದ, ಆ ನಿಮಿಷ ಯಾವತ್ತೂ ಮುಗಿಯುತ್ತಿರಲಿಲ್ಲ. ಅವಳಿಗೆ ಜ್ವರ ಬಂದು ಮಲಗಿದ್ದಾಗ ಬಾಗಿಲಲ್ಲಿ ನಿಂತು, ಮಾತ್ರೆ ತಗೊಂಡ್ಯಾ, ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುತ್ತಿದ್ದ. ಎದೆ ನೋಯುತ್ತಿದೆ ಎಂದು ಹೇಳಿದ್ದೂ ಸ್ಟುಡಿಯೋದ ಆ ಕುರ್ಚಿಯಲ್ಲೇ ಕೂತು, ತೆರೆಯ ಮೇಲಿನ ಕಣ್ಣು ತೆಗೆಯದೆ. ಎದ್ದೇಳು ಹೋಗೋಣ, ಎಂದರೆ, ‘ತೊಂಬತ್ತು ಪರ್ಸೆಂಟ್ ಆಗಿದೆ, ಮುಗೀಲಿ. ನಡುವೆ ನಿಲ್ಲಿಸಿದ್ರೆ ಡಿಸ್ಕು ಹಾಳಾಗುತ್ತೆ’ ಎಂದ. ಕೈ ಹಿಡಿದು ಎಳೆದಳು. ಬಿಡಿಸಿಕೊಂಡ. ಬೆವರು ಮೌಸಿನ ಮೇಲೆ ತೊಟ್ಟಿಕ್ಕುತ್ತಿತ್ತು. ‘ಯಾರದ್ದೋ ಮದುವೆ ಅತ್ತೆ. ಯಾರದ್ದೋ. ನಿಮ್ಮ ಮಗ ಹೋದ ಮಾರನೇ ದಿನ ಬಂದು ಭಾವನ ಹತ್ರ ಡಿಸ್ಕು ಇಸ್ಕೊಂಡು ಹೋದ್ರು. ತುಂಬ ಚೆನ್ನಾಗಿ ಬಂದಿದೆ ಅಂತ ಫೋನು ಮಾಡಿದ್ರು.’

ಪ್ಲೇಯರ್ ಮತ್ತೆ ಮತ್ತೆ ಅದೇ ತುತ್ತನ್ನು ನುಂಗಲು ನೋಡಿ ಬಿಡುತ್ತಿತ್ತು. ಅತ್ತೆಯ ಮುಖದಲ್ಲಿ ನಗು ಇರಲಿಲ್ಲ. ಅವರು ಬಹಳ ಹೊತ್ತು ಮಗನ ಅರ್ಧ ಬಾಯಿಯನ್ನು ನೋಡಿದರು, ಚಿಕ್ಕವನಿದ್ದಾಗ ತಪ್ಪು ಮಾಡಿ ಎದುರು ನಿಂತರೆ ನೋಡುತ್ತಿದ್ದಿರಬಹುದಾದ ಹಾಗೆ.

‘ನೀನು ಅವನಿಗೆ ಒಂದು ಬಾರಿಸ್ಬೇಕಿತ್ತು ಕಣೆ’ ಎಂದರು.

‘ಬಾರಿಸಿದೆ ಅತ್ತೆ’ ಎಂದಳು ಅವಳು. ‘ಬೆನ್ನಿಗೆ. ಜೋರಾಗೇ.’

ಅತ್ತೆ ತಲೆಯಾಡಿಸಿದರು. ‘ಒಳ್ಳೇದು ಮಾಡಿದೆ’ ಎಂದರು.